ಬೀರುವಿನಲ್ಲಿ ಉಳಿದ ಕಥೆಗಳು

2024ರ ಜನವರಿ 1ರಂದು ಕನ್ನಡ ಸಾಹಿತ್ಯದಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ಆಯಿತು. ತ್ರಿವೇಣಿಯವರ ಬರಹಗಳ ಮೇಲಿನ ಕೃತಿಸ್ವಾಮ್ಯ ಹಿಂದಿನ ರಾತ್ರಿಗೆ ಮುಗಿದಿತ್ತು. ಅಂದಿನಿಂದ ‘ಶರಪಂಜರ’ವನ್ನಾಗಲಿ ‘ಬೆಳ್ಳಿಮೋಡ’ವನ್ನಾಗಲಿ ಯಾರು ಬೇಕಾದರೂ ಅಚ್ಚು ಹಾಕಬಹುದು, ಯಾರ ಅಪ್ಪಣೆಯೂ ಬೇಡ. ಕಾದಂಬರಿಗಳ ಚಿಂತೆ ನನಗಿಲ್ಲ. ಅವು ಎಂದೂ ಅಂಗಡಿಯಿಂದ ಮರೆಯಾದವಲ್ಲ. ಪುಟ್ಟಣ್ಣ ಕಣಗಾಲರ ಸಿನಿಮಾಗಳು ಅವನ್ನು ಮರೆಯಲು ಬಿಡಲೂ ಇಲ್ಲ. ನನ್ನ ಮಾತು ಅವರ ಸಣ್ಣ ಕಥೆಗಳದ್ದು. ‘ಹೆಂಡತಿಯ ಹೆಸರು’, ‘ಎರಡು ಮನಸ್ಸು’, ‘ಸಮಸ್ಯೆಯ ಮಗು’ ಎಂಬ ಮೂರು ಸಂಕಲನ, 40ರಷ್ಟು ಕಥೆ. ತ್ರಿವೇಣಿ ನಮಗೆ ಇಷ್ಟ ಎನ್ನುವ ಹತ್ತು ಜನರನ್ನು ಕೇಳಿ ನೋಡಿ. ಅವುಗಳಲ್ಲಿ ಒಂದರ ಹೆಸರು ಹೇಳುವವರು ಒಬ್ಬರು ಸಿಕ್ಕರೂ ಹೆಚ್ಚು.

ಇದನ್ನು ಮಂಡ್ಯ ಜಿಲ್ಲೆಯ ಈ ಮೂಲೆಯಿಂದ ಹೇಳಲು ಕಾರಣವಿದೆ. ಬೆಳ್ಳೂರು ಕ್ರಾಸ್ ಗೊತ್ತಿಲ್ಲದವರು ನಾಗಮಂಗಲದ ಸೀಮೆಯಲ್ಲಿ ಇಲ್ಲ. ಹಾಸನ, ಮಂಗಳೂರಿನ ಬಸ್ಸುಗಳು ನಿಲ್ಲುವ ಜಾಗ. ಆದಿಚುಂಚನಗಿರಿ ಮಠದ ಆಸ್ಪತ್ರೆ, ಕಾಲೇಜು, ಈಗ ವಿಶ್ವವಿದ್ಯಾಲಯ ಎಲ್ಲವೂ ಅಲ್ಲೇ. ಆ ಕ್ರಾಸಿಗೆ ಹೆಸರು ಕೊಟ್ಟ ಬೆಳ್ಳೂರೇ ಬಿ.ಎಂ.ಶ್ರೀ. ಹೆಸರಿನ ಮೊದಲಕ್ಷರ: ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. ಅವರ ತಮ್ಮ ಬಿ.ಎಂ. ಕೃಷ್ಣಸ್ವಾಮಿಯವರ ಮಗಳು 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಅನಸೂಯಾ, ಅಂದರೆ ತ್ರಿವೇಣಿ. ಇನ್ನೊಬ್ಬ ಮಗಳು ಆರ್ಯಾಂಬ ಪಟ್ಟಾಭಿ, ಅವರೂ ಕಾದಂಬರಿಕಾರ್ತಿ. ಒಂದೇ ಮನೆತನದಲ್ಲಿ ಹೊಸ ಕನ್ನಡ ಕಾವ್ಯಕ್ಕೆ ದಾರಿ ಹಾಕಿದ ದೊಡ್ಡಪ್ಪನೂ ಇದ್ದರು, ಮಧ್ಯಮವರ್ಗದ ಹೆಂಗಸಿನ ಮನಸ್ಸಿನ ಒಳಕೋಣೆ ತೆರೆದ ಮಗಳೂ ಇದ್ದಳು. ಮನಃಶಾಸ್ತ್ರ ಓದಿದ್ದ ತ್ರಿವೇಣಿಗೆ ಬರೆಯಲು ಸಿಕ್ಕಿದ್ದು ಹೆಚ್ಚುಕಡಿಮೆ ಹತ್ತು ವರ್ಷ. 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 35 ತುಂಬಿರಲಿಲ್ಲ.

ಆ 1963ರಿಂದಲೇ ಲೆಕ್ಕ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ವಾರಸುದಾರರದ್ದು. ಮೊದಲು ಇದು 50 ವರ್ಷ ಇತ್ತು. ರವೀಂದ್ರನಾಥ ಟ್ಯಾಗೋರರು ತೀರಿಕೊಂಡದ್ದು 1941ರಲ್ಲಿ. 1991ರ ಕೊನೆಗೆ ಅವರ ಹಾಡು, ಕಥೆಗಳೆಲ್ಲ ವಿಶ್ವಭಾರತಿಯ ಕೈ ತಪ್ಪುವುದರಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಸರ್ಕಾರ ಕಾಯಿದೆ ತಿದ್ದಿ ಹತ್ತು ವರ್ಷ ಸೇರಿಸಿತು. ಬಂಗಾಳದ ಒಬ್ಬ ಕವಿಗಾಗಿ ಮಾಡಿದ ತಿದ್ದುಪಡಿ ಇಡೀ ದೇಶದ ಲೇಖಕರ ಗಡುವನ್ನು ಮುಂದಕ್ಕೆ ತಳ್ಳಿತು. ತ್ರಿವೇಣಿಯವರ ಕಥೆಗಳು 2014ರಲ್ಲಿ ಸಿಗಬೇಕಾದವು 2024ರಲ್ಲಿ ಸಿಕ್ಕವು. ಅಜ್ಜಂಪುರ ಸೀತಾರಾಂ, ನಮ್ಮ ‘ಆನಂದ’, ತೀರಿಕೊಂಡದ್ದೂ 1963ರಲ್ಲೇ. ಆದ್ದರಿಂದ ‘ನಾನು ಕೊಂದ ಹುಡುಗಿ’ಯೂ, ಆ ಒಂದು ಕಥೆಯ ನೆರಳಲ್ಲಿ ಬಾಡಿದ ಅವರ ಉಳಿದ ಕಥೆಗಳೂ ಅಂದೇ ಎಲ್ಲರ ಸೊತ್ತಾದವು.

ಈ ಲೆಕ್ಕ ಹಾಕುತ್ತ ಕೂತರೆ ಜಿಲ್ಲೆಯ ಸಾಹಿತ್ಯ ಚರಿತ್ರೆ ಬೇರೆಯೇ ಕ್ರಮದಲ್ಲಿ ಕಾಣುತ್ತದೆ. ಮೇಲುಕೋಟೆಯ ಪು.ತಿ.ನ., ಬೆಸಗರಹಳ್ಳಿ ರಾಮಣ್ಣ ಇಬ್ಬರೂ ತೀರಿಕೊಂಡದ್ದು 1998ರಲ್ಲಿ. ಅವರ ಕಥೆಗಳು ಮುಕ್ತವಾಗುವುದು 2059ಕ್ಕೆ. ಕೆ.ಆರ್. ಪೇಟೆ ತಾಲ್ಲೂಕಿನವರೇ ಆದ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಹೋದದ್ದು 2003ರಲ್ಲಿ, ಅವರಿಗೆ 2064. ಅಲ್ಲಿವರೆಗೆ ಕಾಯಬೇಕೆಂದಲ್ಲ. ವಾರಸುದಾರರು ಒಪ್ಪಿದರೆ ನಾಳೆಯೇ ಅಚ್ಚಾಗಬಹುದು. ಆದರೆ ಯಾರನ್ನು ಕೇಳಬೇಕು ಎಂದು ಪ್ರಕಾಶಕನಿಗೆ ಗೊತ್ತಾಗದೆ ನಿಂತ ಪುಸ್ತಕಗಳೇ ಹೆಚ್ಚು. ಹಕ್ಕು ಮೂರ್ನಾಲ್ಕು ಮಕ್ಕಳಿಗೆ, ಅವರಿಂದ ಮೊಮ್ಮಕ್ಕಳಿಗೆ ಹಂಚಿಹೋಗಿರುತ್ತದೆ. ಜಮೀನಿಗಾದರೆ ಪಹಣಿ ಇರುತ್ತದೆ. ಕಥೆಗೆ ಪಹಣಿ ಇಲ್ಲ. ಇನ್ನು ಗುಪ್ತನಾಮದಲ್ಲಿ ಬರೆದು ಗುರುತು ಹೇಳದೆ ಹೋದವರ ವಿಷಯದಲ್ಲಿ ಕಾಯಿದೆ 60 ವರ್ಷವನ್ನು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ ಎಣಿಸುತ್ತದೆ. ಕನ್ನಡದ ಸಣ್ಣ ಕಥೆಯ ಮೊದಲ ತಲೆಮಾರೇ ಗುಪ್ತನಾಮದ ತಲೆಮಾರು. ಮಾಸ್ತಿ ‘ಶ್ರೀನಿವಾಸ’ರಾಗಿದ್ದರು, ಎ.ಆರ್. ಕೃಷ್ಣಶಾಸ್ತ್ರಿಗಳು ‘ಶ್ರೀಪತಿ’ಯಾಗಿದ್ದರು. ಇವರ ಗುರುತು ಲೋಕಕ್ಕೇ ಗೊತ್ತು. ಅವರ ಪಕ್ಕದ ಪುಟದಲ್ಲಿ ಒಂದೆರಡು ಕಥೆ ಬರೆದು ಸುಮ್ಮನಾದವರ ಗುರುತು ಹುಡುಕಿದವರು ಕಡಿಮೆ.

ಹಕ್ಕು ಬಿಡುಗಡೆಯಾದ ಮಾತ್ರಕ್ಕೆ ಕಥೆ ವಾಪಸು ಬರುವುದಿಲ್ಲ ಎನ್ನುವುದಕ್ಕೆ ಕೊಡಗಿನ ಗೌರಮ್ಮನವರೇ ಸಾಕ್ಷಿ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ, 27ನೇ ವಯಸ್ಸಿಗೇ ನೀರಿನಲ್ಲಿ ಮುಳುಗಿ ತೀರಿಕೊಂಡವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟವರು ಎಂಬ ಸಂಗತಿ ಅವರ ಕಥೆಗಳಿಗಿಂತ ಹೆಚ್ಚು ಪ್ರಸಿದ್ಧ. ‘ಕಂಬನಿ’, ‘ಚಿಗುರು’ ಎಂಬ ಎರಡು ಪುಟ್ಟ ಸಂಕಲನ ಬಿಟ್ಟರೆ ಉಳಿದದ್ದೇನಿಲ್ಲ. ವಿಧವೆ, ಬೇರೆ ಜಾತಿಯಲ್ಲಿ ಮನಸ್ಸಿಟ್ಟ ಹುಡುಗಿ, ಗಂಡನಿಗೆ ಬೇಡವಾದ ಹೆಂಡತಿ ಎಲ್ಲರೂ ಅವರ ಕಥೆಗಳಲ್ಲಿ ಇದ್ದಾರೆ, ಕಣ್ಣೀರು ಕರೆಸುವ ಹಟ ಇಲ್ಲದೆ. ಅವರ ಬರಹದ ಹಕ್ಕು 1989ರ ಕೊನೆಗೇ ಮುಗಿದಿತ್ತು. ಅಷ್ಟಾದರೂ ಕನ್ನಡದಾಚೆಯ ಓದುಗರಿಗೆ ಅವರು ಪುಸ್ತಕವಾಗಿ ಸಿಕ್ಕಿದ್ದು 2023ರಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಮೇಲೆ. ಅದೇ ದೀಪಾ ಭಾಸ್ತಿ ಆಯ್ದು ಅನುವಾದಿಸಿದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಆ ಪ್ರಶಸ್ತಿ ಸಣ್ಣ ಕಥೆಗಳ ಸಂಕಲನವೊಂದಕ್ಕೆ ಬಂದದ್ದು ಅದೇ ಮೊದಲು. ಹಾಸನದಲ್ಲಿ ಕೂತು 1990ರಿಂದ ಬರೆದ ಕಥೆಗಳು ಲಂಡನ್ ಸುತ್ತಿ ಬಂದ ಮೇಲೆ ಪಕ್ಕದ ತಾಲ್ಲೂಕಿನವರು ಕನ್ನಡ ಮೂಲ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು. ನಮ್ಮ ಮನೆಯ ಮಗಳನ್ನು ಪರವೂರಿನವರು ಹೊಗಳಿದ ಮೇಲೆ ತಿರುಗಿ ನೋಡುವುದು ನಮಗೆ ಹಳೆಯ ಚಾಳಿ.

ಕಾದಂಬರಿಗಿಂತ ಸಣ್ಣ ಕಥೆ ಬೇಗ ಕಳೆದುಹೋಗುವುದೇಕೆ? ಕಾದಂಬರಿ ಹುಟ್ಟುವಾಗಲೇ ಅಥವಾ ಸ್ವಲ್ಪ ದಿನಕ್ಕೇ ಸ್ವಂತ ರಟ್ಟು, ಸ್ವಂತ ಹೆಸರು ಪಡೆಯುತ್ತದೆ. ಕಥೆ ಹಾಗಲ್ಲ. ಪಂಜೆ ಮಂಗೇಶರಾಯರು ‘ಸುವಾಸಿನಿ’ಗೆ ಬರೆಯುತ್ತಿದ್ದ 1900ರ ಆಸುಪಾಸಿನಿಂದ ಇಂದಿನ ದೀಪಾವಳಿ ವಿಶೇಷಾಂಕದವರೆಗೆ ಅದು ಪತ್ರಿಕೆಯ ಬಾಡಿಗೆ ಮನೆಯಲ್ಲೇ ಹುಟ್ಟುವುದು. ವಾರ ಕಳೆದರೆ ಆ ಪತ್ರಿಕೆ ಅಂಗಡಿಯಲ್ಲಿ ಪೊಟ್ಟಣವಾಗುತ್ತದೆ. 1920ರಲ್ಲಿ ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ಬಂದ ಮೇಲೆ ಕಥೆಗಳನ್ನು ಪುಸ್ತಕ ಮಾಡುವ ರೂಢಿ ಬೆಳೆಯಿತು, ನಿಜ. ಆದರೆ ಸಾವಿರ ಪ್ರತಿ ಹಾಕಿಸಿ, ಗ್ರಂಥಾಲಯದ ಸಗಟು ಖರೀದಿಗೆ ಒಂದಷ್ಟು ಕೊಟ್ಟು, ಉಳಿದದ್ದನ್ನು ಗೆಳೆಯರಿಗೆ ಹಂಚಿದರೆ ಆ ಪುಸ್ತಕದ ಆಯುಸ್ಸು ಮುಗಿಯಿತು. ಎರಡನೇ ಮುದ್ರಣ ಕಾಣುವ ಕಥಾಸಂಕಲನ ಇಂದಿಗೂ ಪುಣ್ಯವಂತರದ್ದೇ.

ಹೀಗೆ ಮುಳುಗಿದ್ದನ್ನು ಎತ್ತಿದ ಕೆಲಸ ನಮ್ಮಲ್ಲಿ ಆಗಿಲ್ಲವೆಂದಲ್ಲ. ಗಿರಡ್ಡಿ ಗೋವಿಂದರಾಜರು ‘ಮರೆಯಬಾರದ ಹಳೆಯ ಕಥೆಗಳು’ ಎಂದೇ ಒಂದು ಸಂಕಲನ ಮಾಡಿದರು. ಎಸ್. ದಿವಾಕರರ ‘ಶತಮಾನದ ಸಣ್ಣ ಕಥೆಗಳು’ ಎಷ್ಟೋ ಮನೆಗಳಲ್ಲಿ ಕನ್ನಡ ಕಥೆಯ ಏಕೈಕ ಪುಸ್ತಕ. 1993ರಲ್ಲಿ ಶುರುವಾದ ಕನ್ನಡ ಪುಸ್ತಕ ಪ್ರಾಧಿಕಾರ ಸಮಗ್ರ ಸಂಪುಟಗಳನ್ನು ಅಗ್ಗಕ್ಕೆ ಕೊಟ್ಟಿತು. ಇಂಥ ಆಯ್ಕೆಗಳ ಬಗ್ಗೆ ನನ್ನ ತಕರಾರು ಒಂದೇ. ಆಯ್ದ ಸಂಕಲನದಲ್ಲಿ ಲೇಖಕರಿಗೆ ಒಂದೊಂದೇ ಕಥೆ. ಆ ಒಂದು ಕಥೆ ಮುಂದಿನ ಸಂಕಲನಕ್ಕೂ ಹೋಗುತ್ತದೆ, ಅಲ್ಲಿಂದ ಪಠ್ಯಪುಸ್ತಕಕ್ಕೆ, ಅಲ್ಲಿಂದ ಗೈಡಿಗೆ. ಕೊನೆಗೆ ಬರೆದವರು ಆ ಒಂದೇ ಕಥೆಯವರು ಆಗಿಬಿಡುತ್ತಾರೆ.

ಬೆಸಗರಹಳ್ಳಿ ರಾಮಣ್ಣನವರಿಗೆ ಆದದ್ದೂ ಇದೇ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ 1938ರಲ್ಲಿ ಹುಟ್ಟಿದ ಅವರು ಸರ್ಕಾರಿ ವೈದ್ಯರಾಗಿದ್ದರು. ಪ್ರಥಮ ಪಿಯುಸಿಯಲ್ಲಿ ಅವರ ‘ಗಾಂಧಿ’ ಓದಿದ ಮಕ್ಕಳು ರಾಜ್ಯದ ತುಂಬ ಇದ್ದಾರೆ. ಗಾಂಧಿ ಎನ್ನುವುದು ಒಬ್ಬ ಬಡ ಹಳ್ಳಿ ಹುಡುಗನ ಹೆಸರು. ಕಾಯಿಲೆ ಬಿದ್ದ ಅವನನ್ನು ಮನೆಯವರು ದೊಡ್ಡಾಸ್ಪತ್ರೆಗೆ ಹೊತ್ತು ತರುತ್ತಾರೆ. ಅಲ್ಲಿನ ಲಂಚ, ಅಸಡ್ಡೆಗಳ ನಡುವೆ ಗಾಂಧಿ ಉಳಿಯುವುದಿಲ್ಲ. ಹೆಸರಿನಲ್ಲೇ ಚುಚ್ಚುಮದ್ದು ಇಟ್ಟ ಕಥೆ. ಆಸ್ಪತ್ರೆಯ ಒಳಗಿನವರೇ ಬರೆದದ್ದರಿಂದ ಸೂಜಿ ಸರಿಯಾದ ಜಾಗಕ್ಕೇ ಇಳಿಯುತ್ತದೆ. ಇದನ್ನು ಓದಿ ಪರೀಕ್ಷೆ ಬರೆದವರಲ್ಲಿ ‘ನೆಲದ ಒಡಲು’, ‘ಗರ್ಜನೆ’, ‘ಹರಕೆಯ ಹಣ’, ‘ಒಂದು ಹುಡುಗನಿಗೆ ಬಿದ್ದ ಕನಸು’ ಎಂಬ ಸಂಕಲನಗಳಿವೆ ಎಂದು ಕೇಳಿದವರು ಎಷ್ಟು ಜನ? ಅವರ ಹೆಸರಿನ ಕಥಾ ಪ್ರಶಸ್ತಿ ಹೊಸ ಕಥೆಗಾರರ ನಡುವೆ ಚೆನ್ನಾಗಿಯೇ ಪರಿಚಿತ. ಪ್ರಶಸ್ತಿ ಪಡೆದವರಾದರೂ ಅವರ ಸಂಕಲನಗಳನ್ನು ಓದಿರುತ್ತಾರೆ ಎಂದುಕೊಳ್ಳೋಣ.

ಅವರ ಕಥೆಗಳನ್ನೆಲ್ಲ ಕೂಡಿಸಿದ ಸಂಪುಟದ ಹೆಸರು ‘ಕನ್ನಂಬಾಡಿ’. ಈ ಸೀಮೆಯವರಿಗೆ ಅದು ಬರಿಯ ಊರಿನ ಹೆಸರಲ್ಲ. 1911ರಲ್ಲಿ ಅಲ್ಲಿ ಶುರುವಾದ ಅಣೆಕಟ್ಟೆಯ ಕೆಲಸ ಮುಂದುವರಿದಂತೆ ಹಳೆ ಕನ್ನಂಬಾಡಿ ನೀರಿನಡಿ ಹೋಯಿತು. ಅದರ ವೇಣುಗೋಪಾಲಸ್ವಾಮಿ ಗುಡಿ ಬರದ ವರ್ಷಗಳಲ್ಲಿ ನೀರು ಇಳಿದಾಗ ಹೊರಗೆ ಕಾಣುತ್ತಿತ್ತು, ಮಳೆ ಬಂದರೆ ಮತ್ತೆ ಮರೆ. ಕೊನೆಗೆ ಖೋಡೆ ಪ್ರತಿಷ್ಠಾನದವರು ಕಲ್ಲುಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ದಡಕ್ಕೆ ತಂದು ಮತ್ತೆ ಜೋಡಿಸಿದರು. ಹಳೆಯ ಕಥೆಗೆ ಹೊಸ ಆವೃತ್ತಿ ಮಾಡುವವರು ಆ ಗುಡಿಯನ್ನು ಒಮ್ಮೆ ನೋಡಿ ಬರಬೇಕು. ಮರುಮುದ್ರಣ ಎಂದರೆ ನೀರು ಇಳಿದಾಗ ಗುಡಿ ಕಂಡಂತೆ. ನಾಲ್ಕು ದಿನ ಜನ ಬರುತ್ತಾರೆ, ಫೋಟೊ ಹಿಡಿಯುತ್ತಾರೆ. ಆವೃತ್ತಿ ಎಂದರೆ ಯಾವ ಕಲ್ಲು ಎಲ್ಲಿತ್ತು ಎಂಬ ಲೆಕ್ಕ ಇಟ್ಟು ಕಟ್ಟುವುದು. ಈ ಕಥೆ ಮೊದಲು ಯಾವ ಪತ್ರಿಕೆಯಲ್ಲಿ, ಯಾವ ವರ್ಷ ಬಂತು? ಪುಸ್ತಕಕ್ಕೆ ಸೇರಿಸುವಾಗ ಲೇಖಕರು ಏನಾದರೂ ತಿದ್ದಿದರೇ? ಎರಡನೇ ಮುದ್ರಣದಲ್ಲಿ ಬಿಟ್ಟುಹೋದ ಪ್ಯಾರಾ ಲೇಖಕರು ಹೊಡೆದದ್ದೋ, ಮೊಳೆ ಜೋಡಿಸುವವರು ನುಂಗಿದ್ದೋ? ನಮ್ಮ ಬಹುಪಾಲು ಹೊಸ ಪುಸ್ತಕಗಳಲ್ಲಿ ಇದೊಂದೂ ಇರುವುದಿಲ್ಲ. ಬಣ್ಣದ ರಟ್ಟು, ಗಣ್ಯರೊಬ್ಬರ ಮುನ್ನುಡಿ, ‘ಎರಡನೇ ಮುದ್ರಣ’ ಎಂಬ ಒಂದು ಸಾಲು. ಮುಗಿಯಿತು.

ಇದು ಪಂಡಿತರ ಗೊಣಗಾಟ ಎನಿಸಬಹುದು. ಹಾಗಲ್ಲ ಎನ್ನುವುದಕ್ಕೆ ಒಂದು ಹಳೆಯ ಪುಟವನ್ನು ಹತ್ತಿರದಿಂದ ನೋಡಿ. ಸೀಸದ ಮೊಳೆಯ ಕಾಲದ ಅಚ್ಚಿನಲ್ಲಿ ‘ದ’ಗೂ ‘ಧ’ಗೂ, ‘ಬ’ಗೂ ‘ಭ’ಗೂ ವ್ಯತ್ಯಾಸ ಅಕ್ಷರದ ಕೆಳಗಿನ ಒಂದು ಪುಟ್ಟ ಸೀಳು. ಮೊಳೆ ಸವೆದರೆ ಅದು ಮಾಯ. ಒತ್ತಕ್ಷರ ಸಾಲಿನ ಕೆಳಗೆ ಬೇರೆಯಾಗಿ ಕೂರುತ್ತಿದ್ದುದರಿಂದ ಜಾರಿ ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುವುದೂ ಉಂಟು. ಈಗ ಆ ಪುಟವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಓದಲು ಕೊಟ್ಟರೆ ಅದು ‘ಮ’ ಕಂಡಲ್ಲಿ ‘ವು’ ಎನ್ನುತ್ತದೆ. ಎರಡರ ಆಕಾರವೂ ಅಷ್ಟು ಹತ್ತಿರ. ‘ಮರ’ ಹೋಗಿ ‘ವುರ’ ಆದರೆ ಯಾರಾದರೂ ಹಿಡಿಯುತ್ತಾರೆ. ‘ಮದುವೆ ಆಗಲಿ’ ಎಂಬುದು ಮೂಲದಲ್ಲಿ ‘ಮದುವೆ ಆಗಲಿಲ್ಲ’ ಆಗಿದ್ದು, ಸಾಲಿನ ತುದಿಯ ಒಂದಕ್ಷರ ಹುಳು ತಿಂದಿದ್ದರೆ, ಮೂಲಪ್ರತಿ ಎದುರಿಗಿಟ್ಟು ಓದಿದವರಿಗೆ ಮಾತ್ರ ತಿಳಿಯುತ್ತದೆ. ಹಳೆಯ ಪುಸ್ತಕಗಳ ಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಇಂದು ಸಾವಿರಗಟ್ಟಲೆ ಇವೆ. ಅವನ್ನು ಹುಡುಕಲು ‘ಸಂಚಯ’ ತಂಡದ ಹುಡುಗರು ಪುಸ್ತಕ ಸಂಚಯ ಎಂಬ ಪಟ್ಟಿಯನ್ನೇ ಮಾಡಿಟ್ಟಿದ್ದಾರೆ. ದೊಡ್ಡ ಉಪಕಾರ. ಆದರೆ ಚಿತ್ರವಾಗಿ ಉಳಿದ ಪುಟ ಇನ್ನೂ ಕಥೆಯಾಗಿಲ್ಲ.

ಮಂಡ್ಯದ ಕಥೆಗಳಿಗೆ ಇನ್ನೊಂದು ಗಂಡಾಂತರವಿದೆ, ಕರಡು ತಿದ್ದುವವರದ್ದು. ಈ ಕಡೆಯ ಒಬ್ಬ ಅಜ್ಜಿ “ಐಕ್ಳು ಅಟ್ಟೀಲವ್ರೆ ಕಣ್ಲಾ, ಉಂಡ್ಕೊಂಡು ಓಗು” ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. (ಮಾತು ನನ್ನದು, ಯಾವ ಕಥೆಯದ್ದೂ ಅಲ್ಲ.) ಬೆಂಗಳೂರಿನ ಡಿಟಿಪಿ ಅಂಗಡಿಯಲ್ಲಿ ಇದು ‘ಮಕ್ಕಳು ಮನೆಯಲ್ಲಿದ್ದಾರೆ ಕಣೋ, ಊಟ ಮಾಡಿಕೊಂಡು ಹೋಗು’ ಆಗಿ ಬರುವ ಅಪಾಯ ಯಾವಾಗಲೂ ಇದೆ. ಪೂರ್ತಿ ತಿದ್ದಿದರೂ ಪರವಾಗಿಲ್ಲ, ಕಣ್ಣಿಗೆ ಹೊಡೆಯುತ್ತದೆ. ಅರ್ಧ ತಿದ್ದಿ ಅರ್ಧ ಬಿಟ್ಟದ್ದು ಇನ್ನೂ ಕೆಟ್ಟದ್ದು. ‘ಹ’ಕಾರ ನುಂಗುವ ಅಜ್ಜಿ ಒಂದೇ ವಾಕ್ಯದಲ್ಲಿ ಒಮ್ಮೆ ‘ಓಗು’ ಎಂದು ಇನ್ನೊಮ್ಮೆ ‘ಹಟ್ಟಿ’ ಎಂದರೆ ಲೇಖಕರಿಗೇ ಕಿವಿ ಇಲ್ಲ ಎಂದು ಓದುಗ ತಿಳಿಯುತ್ತಾನೆ. ಇಂಥ ಕಥೆಗಳ ಕರಡನ್ನು ಊರಿನವರೇ ಒಬ್ಬರು ಜೋರಾಗಿ ಓದಿ ನೋಡಬೇಕು. ನಾಗಮಂಗಲದಲ್ಲೋ ಕೆ.ಆರ್. ಪೇಟೆಯಲ್ಲೋ ಬಿ.ಎ. ಓದುತ್ತಿರುವ ಹುಡುಗಿಗೆ ಈ ಕೆಲಸ ದೊಡ್ಡ ದೊಡ್ಡ ಸಂಪಾದಕರಿಗಿಂತ ಚೆನ್ನಾಗಿ ಬರುತ್ತದೆ, ಏಕೆಂದರೆ ಆ ಮಾತು ಅವಳ ಮನೆಯಲ್ಲಿ ಬೆಳಗ್ಗೆಯಷ್ಟೇ ಕೇಳಿದ್ದು.

ಇನ್ನು ಕವಿಗಳ ನೆರಳಿಗೆ ಸಿಕ್ಕ ಗದ್ಯ. ಈ ಜಿಲ್ಲೆಗೆ ಕವಿಗಳ ಖ್ಯಾತಿ ಹೆಚ್ಚು, ಅದರ ತೆರಿಗೆ ಕಟ್ಟಿದ್ದು ಕಥೆಗಾರರು. ‘ಮೈಸೂರು ಮಲ್ಲಿಗೆ’ ಬಂದ 1942ರ ಸುಮಾರಿನಲ್ಲೇ ಕೆ.ಎಸ್.ನ. ‘ಮಾರಿಯ ಕಲ್ಲು’ ಎಂಬ ಗದ್ಯ ಪುಸ್ತಕವನ್ನೂ ಬರೆದರು. ಒಂದು ಹೂವಿನ ಪರಿಮಳಕ್ಕೆ ಮನೆಯ ಮಿಕ್ಕ ಸಾಮಾನು ಯಾರಿಗೂ ಕಾಣಲಿಲ್ಲ. ಪು.ತಿ.ನ. ಅವರನ್ನು ‘ಗೋಕುಲ ನಿರ್ಗಮನ’ದ ಕವಿ ಎಂದು ಕೂರಿಸಿದ ಮೇಲೆ ‘ರಾಮಾಚಾರಿಯ ನೆನಪು’, ‘ರಥಸಪ್ತಮಿ ಮತ್ತು ಇತರ ಚಿತ್ರಗಳು’, ‘ಧ್ವಜರಕ್ಷಣೆ ಮತ್ತು ಇತರ ಕಥೆಗಳು’ ಇವುಗಳ ಕಡೆ ಕೈ ಚಾಚುವವರು ವಿರಳ. ಬಹುಕಾಲ ಬೆಂಗಳೂರಿನ ಮಿಲಿಟರಿ ಕಚೇರಿಯಲ್ಲಿ ದುಡಿದ ಮೇಲುಕೋಟೆಯ ಅಯ್ಯಂಗಾರರು ಅವರು. ಕಡತ ಕಟ್ಟುವ ಕೈಯಲ್ಲೇ ಗದ್ಯವನ್ನೂ ಬರೆದದ್ದರಿಂದಲೋ ಏನೋ, ಅವರ ಕಾವ್ಯದಲ್ಲಿ ಆಕಾಶಕ್ಕೆ ಏರುವ ಮನಸ್ಸು ಗದ್ಯದಲ್ಲಿ ಮೇಲುಕೋಟೆಯ ಬೀದಿಗೆ, ಅಲ್ಲಿನ ಮನುಷ್ಯರ ಸಣ್ಣತನ, ದೊಡ್ಡತನಗಳಿಗೆ ಇಳಿದು ಕೂರುತ್ತದೆ. ಕಾವ್ಯಕ್ಕಿಂತ ಈ ಗದ್ಯವೇ ಇಂದಿನ ಹೊಸ ಓದುಗನಿಗೆ ಹತ್ತಿರ ಎಂಬುದು ನನ್ನ ಅಭಿಪ್ರಾಯ, ಪು.ತಿ.ನ. ಭಕ್ತರು ಮುನಿಸಿಕೊಳ್ಳಬಾರದು. ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ‘ವಾಣಿ’ಯವರದು ಇನ್ನೊಂದು ಬಗೆ. ‘ಎರಡು ಕನಸು’, ‘ಶುಭಮಂಗಳ’, ‘ಹೊಸ ಬೆಳಕು’ ಸಿನಿಮಾಗಳಾಗಿ ಅವರ ಕಾದಂಬರಿಗಳನ್ನು ಮನೆಮನೆಗೆ ಮುಟ್ಟಿಸಿದವು, ಕಥೆಗಳು ಹಿಂದೆ ಬಿದ್ದವು. ತ್ರಿವೇಣಿಗೆ ಆದದ್ದೇ ಇವರಿಗೂ ಆಯಿತು.

ಇಂಗ್ಲೆಂಡಿನಲ್ಲಿ 1978ರಲ್ಲಿ ವಿರಾಗೊ ಎಂಬ ಪ್ರಕಾಶನ ಮರೆತ ಲೇಖಕಿಯರ ಪುಸ್ತಕಗಳನ್ನು ಹಸಿರು ಬೆನ್ನಿನ ಮಾಲಿಕೆಯಾಗಿ ತರತೊಡಗಿತು. 1999ರಲ್ಲಿ ಶುರುವಾದ ಪರ್ಸೆಫೊನಿ ಬೂದು ಬಣ್ಣದ ರಟ್ಟಿನಲ್ಲಿ ಅದೇ ಕೆಲಸ ಮಾಡಿತು. ಓದುಗರು ಲೇಖಕಿಯ ಹೆಸರು ಕೇಳದಿದ್ದರೂ ಬೆನ್ನಿನ ಬಣ್ಣ ನೋಡಿ ಕೊಂಡರು. ಅಂಥ ನಂಬಿಕೆ ಹುಟ್ಟುವುದು ಮಾಲಿಕೆಯಿಂದ, ಬಿಡಿ ಪುಸ್ತಕದಿಂದಲ್ಲ. ನಮ್ಮಲ್ಲಿ ಒಬ್ಬ ಪ್ರಕಾಶಕ ತ್ರಿವೇಣಿ ತರುತ್ತಾನೆ, ಇನ್ನೊಬ್ಬ ಗೌರಮ್ಮ, ಮತ್ತೊಬ್ಬ ಆನಂದ. ಒಂದರ ಪಕ್ಕ ಒಂದು ಇಟ್ಟರೆ ಇವು ಒಂದೇ ಬಳಗ ಎಂದು ಹೇಳುವ ಗುರುತು ಇರುವುದಿಲ್ಲ.

ಆದಿಚುಂಚನಗಿರಿಯ ಸುತ್ತಲೇ ಈ ಕೆಲಸ ಶುರುವಾಗಲು ಅಡ್ಡಿಯೇನೂ ಕಾಣುವುದಿಲ್ಲ. ಎರಡು ಹೆಜ್ಜೆಯಲ್ಲಿ ಬೆಳ್ಳೂರಿದೆ, ಕಾಲೇಜುಗಳಿವೆ, ಕನ್ನಡ ಮೇಷ್ಟರಿದ್ದಾರೆ, ಪ್ರಾಜೆಕ್ಟ್ ಬರೆಯಲು ವಿಷಯ ಹುಡುಕುವ ಮಕ್ಕಳಿದ್ದಾರೆ. ಮೊದಲು ತ್ರಿವೇಣಿಯ ಮೂರು ಸಂಕಲನ, ಹಕ್ಕಿನ ತೊಡಕಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಗೆ ಎರಡೆರಡು ಕಥೆ ಕೊಟ್ಟು, ಮೊದಲ ಮುದ್ರಣದ ಪ್ರತಿ ಇಟ್ಟುಕೊಂಡು ಟೈಪು ಮಾಡಿಸಿ, ಇಬ್ಬರು ಅದಲುಬದಲು ಕರಡು ನೋಡಿದರೆ ಒಂದು ಸೆಮಿಸ್ಟರಿಗೆ ಪಠ್ಯ ಸಿದ್ಧ. ಕಥೆಗಳು ಮೊದಲು ಬಂದ ಪತ್ರಿಕೆ ಹುಡುಕಲು ಮೈಸೂರಿಗೆ ಹೋಗಬೇಕು, ಹಳೆಯ ಸಂಪುಟಗಳ ಧೂಳು ಕುಡಿಯಬೇಕು. ಅದಕ್ಕೆ ಇನ್ನೊಂದು ಸೆಮಿಸ್ಟರ್. ಪ್ರತಿ ಕಥೆಯ ಕೊನೆಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು: ಪತ್ರಿಕೆ, ವರ್ಷ, ಸಂಕಲನ, ವ್ಯತ್ಯಾಸ. ಅದಾದ ಮೇಲೆ ರಾಮಣ್ಣನವರ, ಪು.ತಿ.ನ. ಅವರ ವಾರಸುದಾರರ ಬಳಿ ಹೋಗುವುದು ಸುಲಭ, ಏಕೆಂದರೆ ತೋರಿಸಲು ಕೈಯಲ್ಲಿ ಒಂದು ಪುಸ್ತಕ ಇರುತ್ತದೆ. ತಡ ಮಾಡಬಾರದು ಎನ್ನಲು ಒಂದೇ ಕಾರಣ. ತಾಲ್ಲೂಕು ಗ್ರಂಥಾಲಯಗಳಲ್ಲಿ ಹರಿದ ಪುಸ್ತಕಗಳನ್ನು ಪಟ್ಟಿ ಮಾಡಿ ವಿಲೇವಾರಿಗೆ ಹಾಕುವುದು ಮಾಮೂಲು, ಮತ್ತು ಆ ಪಟ್ಟಿಗೆ ಎಲ್ಲಕ್ಕಿಂತ ಮೊದಲು ಸೇರುವುದು ರಟ್ಟು ಕಿತ್ತ ತೆಳು ಕಥಾಸಂಕಲನಗಳು.